ತೊಟ್ಟಿನ ಎಸಳು ಬಿಡಿಸಿ ನೋಡಿದ ಮೇಲೆಯೇ ಸಿಂಪಡಣೆ

ತೆಂಗಿನಕಾಯಿಯ ಮೇಲೆ ಕಂದು ಕಲೆ, ಸೀಳು, ಅಂಟು ಕಾಣಿಸಿದ ಕೂಡಲೇ ಔಷಧಿ ಹೊಡೆಯಲು ಹೊರಡುವವರೇ ಹೆಚ್ಚು. ಆದರೆ ಆ ಕಲೆ ತಿಂಗಳುಗಳ ಹಿಂದಿನ ಗಾಯ. ಕಾಯಿ ಇನ್ನೂ ಹರಳಾಗಿರುವಾಗಲೇ, ಅಂದರೆ ಆಗತಾನೇ ಕಟ್ಟಿದ ಪುಟ್ಟ ಕಾಯಿಯಾಗಿರುವಾಗಲೇ, ನುಸಿ ಎಂಬ ಅತಿ ಸಣ್ಣ ಪೀಡೆ ತೊಟ್ಟಿನ ಎಸಳುಗಳ ಮರೆಯಲ್ಲಿ ಸೇರಿ ರಸ ಹೀರಿರುತ್ತದೆ. ಕಾಯಿ ಬೆಳೆದಂತೆ ಆ ಜಾಗ ಹೊರಗೆ ಸರಿದು ನಮ್ಮ ಕಣ್ಣಿಗೆ ಬೀಳುತ್ತದೆ. 6 ತಿಂಗಳು ದಾಟಿದ ಕಾಯಿಯಲ್ಲಿ ಕಲೆ ಎದ್ದು ಕಂಡರೂ ನುಸಿಯ ಸಂಖ್ಯೆ ಇಳಿದಿರುತ್ತದೆ. ಅದಕ್ಕೇ ಕಲೆ ನೋಡಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ.

ಮರ ಹತ್ತುವವರ ಕೈಯಲ್ಲಿ 3–4 ತಿಂಗಳ ಗೊನೆಯಿಂದ ಒಂದೆರಡು ಎಳೆಕಾಯಿ ಕೀಳಿಸುತ್ತೇನೆ. ಎಸಳುಗಳನ್ನು ಚಾಕುವಿನ ತುದಿಯಿಂದ ಒಂದೊಂದಾಗಿ ಬಿಡಿಸಿ, 10 ಪಟ್ಟು ಹಿಗ್ಗಿಸುವ ಮಸೂರ ಹಿಡಿಯುತ್ತೇನೆ. ಬಿಳಿಚಿದ ತ್ರಿಕೋನಾಕಾರದ ಪಟ್ಟಿಯ ಮೇಲೆ ಹಿಟ್ಟು ಉದುರಿಸಿದಂತೆ ಕಾಣುವುದೇ ನುಸಿ. ಒಂದೊಂದರ ಉದ್ದ ಮಿಲಿಮೀಟರಿನ ಕಾಲು ಭಾಗದಷ್ಟು. ಹುಳುವಿನಂಥ ಮೈ, ಎರಡೇ ಜೊತೆ ಕಾಲು. ಇಷ್ಟು ಸಣ್ಣ ಜೀವಿ 1965ರಲ್ಲಿ ಮೆಕ್ಸಿಕೋದ ಗೆರೆರೋ ಪ್ರಾಂತ್ಯದ ಹೆಸರು ಹೊತ್ತು ವಿಜ್ಞಾನದ ಲೆಕ್ಕಕ್ಕೆ ಸೇರಿತು. 1998ರಲ್ಲಿ ಎರ್ನಾಕುಲಂ ಜಿಲ್ಲೆಯಲ್ಲಿ ಕಾಣಿಸಿಕೊಂಡ ಮೇಲೆ ಗಾಳಿಯ ಬೆನ್ನೇರಿ ದಕ್ಷಿಣದ ತೋಟಗಳನ್ನೆಲ್ಲ ಹೊಕ್ಕಿತು.

ನಾನು ಹುಡುಕುವುದು ಆ ಹಿಟ್ಟಿನ ನಡುವೆ ಸರಸರನೆ ಓಡುವ ಚುಕ್ಕಿಯನ್ನು. ಅದು ನುಸಿಯನ್ನೇ ತಿನ್ನುವ ನುಸಿ. ನಾಲ್ಕು ಜೊತೆ ಕಾಲು, ಮಿನುಗುವ ಮೈ, ನಿಂತಲ್ಲಿ ನಿಲ್ಲದ ಸ್ವಭಾವ. ನಿಯೋಸಿಯುಲಸ್ ಬರಾಕಿ ಇವುಗಳಲ್ಲಿ ಮುಖ್ಯವಾದುದು. ಚಪ್ಪಟೆಯಾದ ಉದ್ದನೆಯ ಮೈ ಇರುವುದರಿಂದಲೇ ಅದು ಎಸಳಿನ ಸಂದಿಗೆ ನುಸುಳಬಲ್ಲದು. ಆದರೂ ಹರಳಿಗೆ ಎಸಳು ಬಿಗಿಯಾಗಿ ಅಂಟಿಕೊಂಡಿರುವಷ್ಟು ದಿನ ಅದಕ್ಕೆ ಒಳಗೆ ಜಾಗವಿಲ್ಲ. ಕಾಯಿ ದಪ್ಪಗಾಗಿ ಸಂದಿ ಸಡಿಲವಾದ ಮೇಲೆ ಒಳಹೋಗುವ ಹೊತ್ತಿಗೆ ಪೀಡೆ ಒಂದಷ್ಟು ಸಂಸಾರ ಬೆಳೆಸಿರುತ್ತದೆ. ಆದ್ದರಿಂದ ಭಕ್ಷಕ ನುಸಿ ಇದ್ದರೆ ಬೇರೇನೂ ಬೇಡ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದರಿಂದ ಆಗುವ ದೊಡ್ಡ ಉಪಕಾರವೆಂದರೆ, ಈ ಗೊನೆಯಿಂದ ಹೊರಬಿದ್ದು ಎಳೆಯ ಗೊನೆಗೆ ಹಬ್ಬುವ ನುಸಿಯ ಸಂಖ್ಯೆ ಕಡಿಮೆಯಾಗುವುದು.

ಕಡುವಿಷ ಸಿಂಪಡಿಸುವುದರ ಬಗ್ಗೆ ನನ್ನ ತಕರಾರು ಇರುವುದೂ ಇಲ್ಲೇ. ಎಸಳಿನ ಅಡಿಯಲ್ಲಿ ಕುಳಿತ ಪೀಡೆಗೆ ಔಷಧಿ ತಾಗುವುದು ಕಷ್ಟ. ಹೊರಗೆ ಅಡ್ಡಾಡುವ ಭಕ್ಷಕ ಮೊದಲು ಸಾಯುತ್ತದೆ. ನಾನು ಬಳಸುವುದು 10 ಲೀಟರ್ ನೀರಿಗೆ 200 ಮಿಲಿಲೀಟರ್ ಬೇವಿನ ಎಣ್ಣೆ, 200 ಗ್ರಾಂ ಬೆಳ್ಳುಳ್ಳಿಯ ರಸ, 50 ಗ್ರಾಂ ಸೋಪು. ಸೋಪನ್ನು ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ಎಣ್ಣೆ ಸುರಿದು, ಹಾಲಿನ ಬಣ್ಣಕ್ಕೆ ಬರುವವರೆಗೆ ಕಲಕಬೇಕು. ಎಣ್ಣೆ ಮೇಲೆ ತೇಲುತ್ತಿದ್ದರೆ ಹೊಡೆದೂ ಪ್ರಯೋಜನವಿಲ್ಲ. ಬೆಳ್ಳುಳ್ಳಿ ರಸವನ್ನು ಸೋಸದೆ ಹಾಕಿದರೆ ನಳಿಕೆ ಕಟ್ಟಿಕೊಂಡು ಮರದ ಮೇಲಿರುವವರ ಬೈಗುಳ ಕೇಳಬೇಕಾಗುತ್ತದೆ.

ಸಿಂಪಡಣೆ 2ರಿಂದ 5 ತಿಂಗಳ ಗೊನೆಗಳಿಗೆ ಮಾತ್ರ, ಅದೂ ನೇರವಾಗಿ ತೊಟ್ಟಿನ ಸುತ್ತ. ಅರಳಿದ ಹೊಂಬಾಳೆಗೆ ಜೇನುನೊಣ ಬರುತ್ತದೆ, ಅದನ್ನು ಬಿಡುತ್ತೇನೆ. ಬಲಿತ ಗೊನೆಗಳನ್ನೂ ಮುಟ್ಟುವುದಿಲ್ಲ; ಭಕ್ಷಕಗಳಿಗೆ ಅಲ್ಲಿ ನೆಲೆ ಉಳಿಯಲಿ ಎಂದು. ಬುಡಕ್ಕೆ ವರ್ಷಕ್ಕೆ ಮರವೊಂದಕ್ಕೆ 5 ಕಿಲೋ ಬೇವಿನ ಹಿಂಡಿ ಹಾಕುವುದು ತಪ್ಪಿಸಿಲ್ಲ.

ನುಸಿಗೆ ರೋಗ ತರುವ ಹಿರ್ಸುಟೆಲ್ಲಾ ಎಂಬ ಶಿಲೀಂಧ್ರವೂ ಇದೆ. ಅದಕ್ಕೆ ತೇವ ಬೇಕು, ನುಸಿ ಉಲ್ಬಣಿಸುವುದು ಬಿಸಿಲಿನಲ್ಲಿ. ಹೀಗಾಗಿ ಬೇಸಗೆಯಲ್ಲಿ ನಾನು ಅದನ್ನು ನಂಬಿ ಕೂರುವುದಿಲ್ಲ. ಬಿಡಿಸಿದ ಎಳೆಕಾಯಿಗಳಲ್ಲೆಲ್ಲ ಓಡುವ ಚುಕ್ಕಿ ಕಂಡರೆ ಆ ಮರಕ್ಕೆ ಆ ಸಲ ಸಿಂಪಡಣೆ ಇಲ್ಲ. ಮುಂದಿನ ಕೊಯ್ಲಿನಲ್ಲಿ ಮತ್ತೆ ನೋಡುತ್ತೇನೆ.