ಸೊಂಟಕ್ಕೆ ಕಟ್ಟಿಕೊಂಡು ನೇಯುವ ಚಿನ್ ಬಟ್ಟೆ

ನಮ್ಮದು ಇಳಕಲ್ ಸೀರೆ ನೇಯುವ ಮನೆ. ಕುಣಿಮಗ್ಗ, ಲಾಳಿ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಹಣಿಗೆ ನೋಡುತ್ತಲೇ ಬೆಳೆದವಳು ನಾನು. ಮಿಜೋರಾಂನ ರಾಜಧಾನಿ ಐಜಾಲ್‌ನಲ್ಲಿ ಇದ್ದಾಗ ಕಲಿತ, ಮ್ಯಾನ್ಮಾರ್‌ನ ಚಿನ್ ಜನರ ಮಗ್ಗಕ್ಕೆ ಇದ್ಯಾವುದೂ ಇಲ್ಲ. ಕೆಲವು ಬಿದಿರು ಕೋಲು, ಹೊಕ್ಕು (ಅಡ್ಡ ಎಳೆ) ಬಡಿಯಲು ಕತ್ತಿಯಂಥ ಮರದ ಪಟ್ಟಿ, ಬೆನ್ನಿಗೆ ಆನಿಸಿಕೊಳ್ಳಲು ಚರ್ಮದ ಪಟ್ಟಿ. ಅಷ್ಟೇ.

ಕಲಿಸಿದವರು ಚಿನ್ ರಾಜ್ಯದ ರಾಜಧಾನಿ ಹಾಖಾ ಕಡೆಯ ಅಜ್ಜಿ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತಲ್ಲ, ಆಮೇಲೆ ಚಿನ್ ರಾಜ್ಯದಿಂದ ಸಾವಿರಾರು ಜನ ಗಡಿ ದಾಟಿ ಮಿಜೋರಾಂಗೆ ಬಂದರು. ಅವರಲ್ಲಿ ಇವರೂ ಒಬ್ಬರು. ಎಲ್ಲರಂತೆ ನಾನೂ ಅವರನ್ನು 'ಪೀ', ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದೆ.

ಮೊದಲು ಹಾಸು, ಅಂದರೆ ಉದ್ದದ ಎಳೆಗಳು. ನೂಲನ್ನು ಎರಡು ಕೋಲಿನ ಸುತ್ತ ಬಳೆಯಂತೆ ಸುತ್ತುತ್ತಾರೆ. ನೇಯ್ದಷ್ಟನ್ನು ಕೆಳಗೆ ಎಳೆದುಕೊಂಡರೆ ಹೊಸ ಹಾಸು ಮೇಲಿನಿಂದ ಮುಂದೆ ಬರುತ್ತದೆ. ಹಣಿಗೆ ಇಲ್ಲದ್ದರಿಂದ ಎಳೆಗಳು ಒತ್ತೊತ್ತಾಗಿ ಕೂರುತ್ತವೆ, ಹೊಕ್ಕು ಕಾಣುವುದೇ ಕಡಿಮೆ. ಹಾಗಾಗಿ ಪಟ್ಟೆಗಳ ಬಣ್ಣವೆಲ್ಲ ಹಾಸು ಸುತ್ತುವಾಗಲೇ ತೀರ್ಮಾನ. ಅಂಗಡಿಯಲ್ಲಿ ಅಕ್ರಿಲಿಕ್ ನೂಲು ಜಾಸ್ತಿ ಸಿಗುತ್ತದೆ, ಹೊಳಪೂ ಇರುತ್ತದೆ. ನನಗೆ ಹತ್ತಿಯೇ ಇಷ್ಟ. ಅಕ್ರಿಲಿಕ್ ಹಿಗ್ಗುತ್ತದೆ, ಮಗ್ಗದಿಂದ ಬಿಚ್ಚಿದ ಮೇಲೆ ಚಿತ್ತಾರ ಕುಗ್ಗುತ್ತದೆ.

ಕಾಲು ಚಾಚಿ ನೆಲದ ಮೇಲೆ ಕೂತು, ಪಾದವನ್ನು ಎದುರಿನ ಮರದ ತುಂಡಿಗೆ ಒತ್ತಿ ಹಿಡಿಯಬೇಕು. ಸ್ವಲ್ಪ ಮುಂದೆ ಬಾಗಿದರೆ ಹಾಸು ಸಡಿಲ. ಆಗ ಎಳೆ ಎತ್ತಿ, ಮರದ ಪಟ್ಟಿಯನ್ನು ಅಡ್ಡ ನಿಲ್ಲಿಸಿ, ಹೊಕ್ಕು ದಾಟಿಸಬೇಕು. ಹಿಂದೆ ಒರಗಿದರೆ ಹಾಸು ಬಿಗಿ. ಆಗ ಬಡಿಯಬೇಕು. ಪೀ ನನ್ನ ಬೆನ್ನಿಗೆ ಅಂಗೈ ಇಟ್ಟು ಎಷ್ಟು ಬಾಗಬೇಕೆಂದು ತೋರಿಸುತ್ತಿದ್ದರು. ಅದು ಬಾಯಲ್ಲಿ ಹೇಳಿ ಬರುವ ಪಾಠವಲ್ಲ.

ಚಿತ್ತಾರಕ್ಕೆ ಮುಳ್ಳುಹಂದಿಯ ಮುಳ್ಳು ಬೇಕು. ಅದರ ತುದಿಯಿಂದ ಎಳೆ ಎಣಿಸಿ ಎತ್ತಿ, ಹೂವು ಬರುವ ಜಾಗದಲ್ಲಿ ಮಾತ್ರ ಬಣ್ಣದ ರೇಷ್ಮೆ ತೂರಿಸುವುದು. ಮೇಲೆ ಒಂದು ಹೊಕ್ಕು, ಬಡಿತ, ಮತ್ತೆ ಎಣಿಕೆ. ವಜ್ರಾಕಾರದೊಳಗೆ ವಜ್ರಾಕಾರ ಹೀಗೆ ಅಂಗುಲ ಅಂಗುಲವಾಗಿ ಏಳುತ್ತದೆ. ಹಿಂದೆ ಹಾಖಾದಲ್ಲಿ ಇಂಥ ರೇಷ್ಮೆ ಹೊದಿಕೆ ಎಲ್ಲರಿಗೂ ಅಲ್ಲ. ಮಿಥುನ್ ಎಂಬ ಬೆಟ್ಟದ ದನವನ್ನು ಬಲಿ ಕೊಟ್ಟು ಊರಿಗೆ ಊಟ ಹಾಕಿದ ಮನೆತನಗಳಿಗೆ ಆ ಗೌರವ. ನೇಯ್ದ ಮೇಲೆ ನನಗೆ ಅದು ಸರಿಯೆನಿಸಿತು. ಇಷ್ಟು ಕೈಕೆಲಸವಿರುವ ಬಟ್ಟೆ ಸುಮ್ನೆ ಹೆಗಲೇರಬಾರದು, ಅಲ್ವಾ?

ಸೊಂಟದ ಮಗ್ಗದಲ್ಲಿ ಕೈ ಚಾಚುವಷ್ಟೇ ಪನ್ನ (ಬಟ್ಟೆಯ ಅಗಲ). ಅದಕ್ಕೇ ದೊಡ್ಡ ಹೊದಿಕೆಯನ್ನು ಎರಡು ಹೋಳಾಗಿ ನೇಯ್ದು ನಡುವೆ ಹೊಲಿಯುತ್ತಾರೆ. ಎರಡರ ಚಿತ್ತಾರ ಅಕ್ಕಪಕ್ಕ ಕೂಡಬೇಕು. ನಾನು ಮೊದಲ ಹೋಳಿನ ಪಕ್ಕ ಬಿದಿರು ಕಡ್ಡಿ ಇಟ್ಟು, ಪ್ರತಿ ಚಿತ್ತಾರದ ಆರಂಭಕ್ಕೂ ಕೊನೆಗೂ ಗೀಟು ಹಾಕಿಕೊಂಡೆ. ಎರಡನೆಯದನ್ನು ನೇಯುವಾಗ ಅದೇ ಕಡ್ಡಿ ಪಕ್ಕದಲ್ಲಿರುತ್ತದೆ. ಗೀಟಿಗಿಂತ ಮುಂದೆ ಹೋಗುತ್ತಿದ್ದರೆ ಬಡಿತ ಜೋರು, ಹಿಂದೆ ಉಳಿದರೆ ಮೆಲ್ಲಗೆ. ಹೊಲಿಗೆ ಕೈಯಲ್ಲೇ, ಅಂಚಿನ ಎಳೆಗೆ ಎಳೆ ಹಿಡಿದು. ಮೆಷಿನ್‌ನಲ್ಲಿ ಹೊಲಿದರೆ ಆ ಗೆರೆ ಎದ್ದು ಕಾಣುತ್ತದೆ.