ಎರಡನೇ ಪಿನ್ನಿನಲ್ಲಿ 11 ವೋಲ್ಟ್

ದೊಡ್ಡಪ್ಪನ ಹೋಟೆಲಿನ ಗಲ್ಲಾದ ಪಕ್ಕ ಒಂದು ವಾಲ್ವ್ ರೇಡಿಯೊ ಇತ್ತು, ಬಲ್ಬಿನಂಥ ಗಾಜಿನ ಕೊಳವೆಗಳಿಂದ ನಡೆಯುವ ಹಳೇ ಕಾಲದ್ದು. ಹೋಟೆಲ್ ಮುಚ್ಚಿ ಎಷ್ಟೋ ವರ್ಷದ ಮೇಲೆ ದೊಡ್ಡಮ್ಮ ಅದನ್ನು ನನ್ನ ಕೈಗಿಟ್ಟರು. "ಒಂದ್ಸಲ ಹಾಕಿ ನೋಡೋ, ಹಾಡಿದ್ರೂ ಹಾಡೀತು" ಅಂದರು. ನಾನು ಪ್ಲಗ್ ಹಾಕಲಿಲ್ಲ. ಅಷ್ಟು ಕಾಲ ಸುಮ್ನೆ ಕೂತ, ಚಾರ್ಜ್ ಹಿಡಿದಿಡುವ ಕಂಡೆನ್ಸರ್‌ಗಳಿಗೆ ಏಕಾಏಕಿ ಕರೆಂಟ್ ಕೊಟ್ಟರೆ ಒಂದು ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರನ್ನೇ ಸುಡಬಹುದು. ವಾಲ್ವ್ ಹುಡುಕಿದರೆ ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಸಿಗುವುದು ಕಷ್ಟ.

ಹಿಂದಿನ ಹಲಗೆ ಬಿಚ್ಚಿದರೆ ಒಳಗೆಲ್ಲ ಜಿಡ್ಡು. ದೋಸೆ ಕಾವಲಿಯ ಹೊಗೆ, ಅದರ ಮೇಲೆ ಧೂಳು. ಪೇಂಟ್ ಬ್ರಷ್ಷಿನಿಂದ ಎರಡು ದಿನ ಕೆರೆದೆ. ಡಯಲ್ ಗಾಜಿನ ಅಕ್ಷರವಿರುವ ಬದಿಯನ್ನು ಮಾತ್ರ ಮುಟ್ಟಲಿಲ್ಲ. ಸ್ಪಿರಿಟ್ ತಾಗಿದರೆ ಸ್ಟೇಷನ್ ಹೆಸರುಗಳೇ ಅಳಿಸಿಹೋಗುತ್ತವೆ.

ಮೊದಲು ಏಸಿಯನ್ನು ಒಂದೇ ದಿಕ್ಕಿಗೆ ಹರಿಯುವ ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಕಿತ್ತಿಟ್ಟು, ರೇಡಿಯೊಗೆ ಕರೆಂಟ್ ಹೋಗುವ ದಾರಿಯಲ್ಲೇ 60 ವಾಟಿನ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಸ್ವಿಚ್ ಒತ್ತಿದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ. ನನ್ನದು ಒಮ್ಮೆ ಜೋರಾಗಿ ಹೊತ್ತಿ ತಗ್ಗಿತು. ಟ್ರಾನ್ಸ್‌ಫಾರ್ಮರ್ ಬದುಕಿತ್ತು! ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರ್‌ಗಳು ಒಣಗಿಹೋಗಿದ್ದವು, ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊಸದು ತಂದು ಹಾಕಿದೆ.

ನಿಜವಾದ ಪಾಠ ಕಲಿಸಿದ್ದು ಬೆರಳ ತುದಿಯಷ್ಟಿದ್ದ ಇನ್ನೊಂದು ಕಂಡೆನ್ಸರ್. ವಾಲ್ವ್ ಕೆಲಸ ಮಾಡುವುದು ನಮ್ಮ ಮನೆಯ ನೀರಿನ ಟ್ಯಾಂಕಿನ ಹಾಗೆ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅನ್ನುವುದು ವೋಲ್ಟೇಜ್, ಪೈಪಿನಲ್ಲಿ ಹರಿಯುವ ನೀರು ಕರೆಂಟ್. ವಾಲ್ವಿನ ಕ್ಯಾಥೋಡ್ ಕಾದಾಗ ಅದರಿಂದ ಎಲೆಕ್ಟ್ರಾನ್‌ಗಳು ಹೊರಟು ಪ್ಲೇಟಿನ ಕಡೆ ಓಡುತ್ತವೆ. ನಡುವೆ ಇರುವ ಗ್ರಿಡ್ಡೇ ನಲ್ಲಿ. ಹಾಡಿನ ಸಣ್ಣ ಸಿಗ್ನಲ್ ಆ ನಲ್ಲಿಯನ್ನು ತಿರುಗಿಸುತ್ತದೆ, ದೊಡ್ಡ ಕರೆಂಟ್ ಅದೇ ತಾಳಕ್ಕೆ ಕುಣಿಯುತ್ತದೆ. ಹಿಂದಿನ ವಾಲ್ವಿಗೂ ಈ ಗ್ರಿಡ್ಡಿಗೂ ನಡುವೆ ಇರುವ ಆ ಸಣ್ಣ ಕಂಡೆನ್ಸರ್ ಡಿಸಿಯನ್ನು ತಡೆದು, ಸಿಗ್ನಲ್ಲನ್ನು ಮಾತ್ರ ಗ್ರಿಡ್ಡಿಗೆ ಬಿಡಬೇಕು. ಹಳೇ ಪೇಪರ್ ಕಂಡೆನ್ಸರ್ ತೇವ ಕುಡಿದು ಡಿಸಿಯನ್ನೂ ಸೋರಿಸಿದರೆ ನಲ್ಲಿ ಮುಚ್ಚುವುದೇ ಇಲ್ಲ. ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್ ವಿಪರೀತ ಕಾಯುತ್ತದೆ.

ಬರೀ ಮಲ್ಟಿಮೀಟರಿನಲ್ಲಿ ಅಳೆದಾಗ ಅದು ಸರಿಯಾಗೇ ಇದೆ ಅನ್ನಿಸಿತ್ತು. ಮೀಟರ್ ಕೊಡುವುದು ಕೆಲವೇ ವೋಲ್ಟ್ ಅಲ್ವಾ, ಸೋರಿಕೆ ಕಾಣುವುದು ನೂರು ವೋಲ್ಟ್ ಬಿದ್ದಾಗ. ಅದಕ್ಕೇ ರೆಕ್ಟಿಫೈಯರ್ ವಾಪಸ್ ಹಾಕಿ, ಇಎಲ್ 84 ಅನ್ನುವ ಆ ಔಟ್‌ಪುಟ್ ವಾಲ್ವ್ ಕಿತ್ತು, ಸಾಕೆಟ್ಟಿನ ಎರಡನೇ ಪಿನ್ ಅಂದರೆ ಗ್ರಿಡ್ಡಿನಲ್ಲಿ ಅಳೆದೆ. ಸೊನ್ನೆ ಇರಬೇಕಾದ ಕಡೆ 11 ವೋಲ್ಟ್! 0.01 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಕಂಡೆನ್ಸರ್ ಬೆಸೆದೆ. ಸೊನ್ನೆಗೆ ಬಂತು.

ಇದನ್ನು ಮಾಡುವವರಿಗೆ ಒಂದು ಮಾತು. ಒಳಗೆ 250 ವೋಲ್ಟಿಗೂ ಜಾಸ್ತಿ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರ್‌ನಲ್ಲಿ ಉಳಿದಿರುತ್ತದೆ. 10 ಕಿಲೋಓಮಿನ, 5 ವಾಟಿನ ರೆಸಿಸ್ಟರಿನಿಂದ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ನೋಡಿಕೊಂಡೇ ಕೈ ಹಾಕಿ. ಅಳೆಯುವಾಗ ಎಡಗೈ ಜೇಬಿನಲ್ಲಿರಲಿ, ಶಾಕ್ ಹೊಡೆದರೂ ಒಂದು ಕೈಯಿಂದ ಇನ್ನೊಂದಕ್ಕೆ ಎದೆ ಹಾದು ಹೋಗಬಾರದು.

ಸಂಜೆ ದೊಡ್ಡಮ್ಮನ ಮುಂದೆ ಹಾಕಿದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಮೆಲ್ಲಗೆ ಗುಂಯ್ ಅಂದಿತು. ಡಯಲ್ ಇರುವುದು ಮೀಟರ್ ಲೆಕ್ಕದಲ್ಲಿ, ಅಂದರೆ ರೇಡಿಯೊ ತರಂಗದ ಉದ್ದದಲ್ಲಿ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಂದರೆ 490 ಮೀಟರ್. ಮುಳ್ಳು ಅಲ್ಲಿಗೆ ಬರುತ್ತಲೇ ಕನ್ನಡ ಕೇಳಿಸಿತು. ದೊಡ್ಡಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಹಿಂಗೇ ಬಿಸಿ ಆಗ್ತಿತ್ತು ಕಣೋ" ಅಂದರು.

ಟ್ಯೂನಿಂಗ್ ತೋರಿಸುವ ಹಸಿರು ಕಣ್ಣು ಇನ್ನೂ ಮಂಕಾಗಿದೆ. ಅದೂ ಒಂದು ವಾಲ್ವೇ, ಅದಕ್ಕೊಂದು ಇಎಂ 84 ಹುಡುಕುತ್ತಿದ್ದೇನೆ.