ಐದು ವರ್ಷದ ಯೋಜನೆ: ಜೀವಶಾಸ್ತ್ರ ವಿಭಾಗಗಳು ಎಡವುವುದು ಮೂರನೇ ಹೆಜ್ಜೆಯಲ್ಲಿ

ಕಾಲೇಜಿನ ಜೀವಶಾಸ್ತ್ರ ವಿಭಾಗಗಳು ಬರೆದ ಮುನ್ನೋಟದ ಯೋಜನೆಗಳನ್ನು ಓದಿಕೊಡಿ ಎಂದು ಹಳೆಯ ಸಹೋದ್ಯೋಗಿಗಳು ಕಳಿಸುತ್ತಿರುತ್ತಾರೆ. ಹೆಚ್ಚಿನವು ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ವಾರ ಬೇರೆಯವರ ಕಡತದಲ್ಲಿ ಹೆಸರು ಬದಲಿಸಿ ತಯಾರಾದವು. ಕೊಡಗಿನ ಒಂದು ವಿಭಾಗದ ಯೋಜನೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಮೀಕ್ಷೆ ಇತ್ತು. ಕಾಂಡ್ಲಾ ಬೆಳೆಯುವುದು ಕಡಲ ಹಿನ್ನೀರಿನಲ್ಲಿ. ಓದಿ ತುಂಬ ಬೇಸರವಾಯಿತು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವೇ ಶುರುವಾದ ಮೇಲೆ ನಮ್ಮ ಯೋಜನೆಯನ್ನು ನಾವೇ ಬರೆಯದಿರಲು ಕಾರಣ ಉಳಿದಿಲ್ಲ.

ಮೊದಲನೆಯದು, ಇರುವುದನ್ನು ಎಣಿಸಿ. ಸ್ಟಾಕ್ ರಿಜಿಸ್ಟರ್ ನೋಡಿ ಬರೆಯಬೇಡಿ, ಬೀರು ತೆಗೆಯಿರಿ. ಮಡಿಕೇರಿಯ ಮಳೆಯಲ್ಲಿ ಮುಚ್ಚಿಟ್ಟ ಮೈಕ್ರೋಸ್ಕೋಪಿನ ಲೆನ್ಸಿನ ಒಳಗೆ ಬೂಸ್ಟು ಜೇಡರ ಬಲೆಯ ಹಾಗೆ ಹಬ್ಬಿರುತ್ತದೆ. ರಿಜಿಸ್ಟರಿನಲ್ಲಿ ಇಪ್ಪತ್ತು ಇದ್ದರೆ ಕಣ್ಣಿಟ್ಟು ನೋಡಿದರೆ ಸ್ಪಷ್ಟವಾಗಿ ಕಾಣಿಸುವಂಥವು ಹನ್ನೊಂದೇ ಇರಬಹುದು. ಆ ಹನ್ನೊಂದನ್ನು ಬರೆಯಿರಿ.

ಎರಡನೆಯದು, ಎಲ್ಲರ ಆಸೆಗಳನ್ನು ಚೀಟಿಯಲ್ಲಿ ಬರೆಸಿ. ಅತಿಥಿ ಉಪನ್ಯಾಸಕರು, ಲ್ಯಾಬಿನ ಅಟೆಂಡರ್, ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು, ಎಲ್ಲರೂ ಇರಲಿ. ಒಂದು ಮಧ್ಯಾಹ್ನ ಸಾಕು.

ಮೂರನೆಯದು ಕಷ್ಟದ್ದು. ಈಗ ನಿಮ್ಮ ಮೇಜಿನ ಮೇಲೆ ನಲವತ್ತು ಚೀಟಿಗಳಿವೆ. ಅವುಗಳಲ್ಲಿ ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಬೇಕು. ಯಾರ ಮನಸ್ಸನ್ನೂ ನೋಯಿಸಬಾರದು ಎಂದು ನಲವತ್ತನ್ನೂ ಸೇರಿಸುವ ವಿಭಾಗಗಳೇ ಜಾಸ್ತಿ. ಐದು ವರ್ಷ ಕಳೆದಾಗ ಅಲ್ಲಿ ಒಂದೂ ಮುಗಿದಿರುವುದಿಲ್ಲ.

ಬಿಡುವುದಕ್ಕೆ ಗಂಟೆಯ ಲೆಕ್ಕ ಹಾಕಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಪ್ರಾಕ್ಟಿಕಲ್ ತಯಾರಿ, ರೆಕಾರ್ಡ್ ತಿದ್ದುವುದು, ಮೌಲ್ಯಮಾಪನ, ಸಭೆಗಳು ಎಲ್ಲ ಕಳೆದರೆ ಪ್ರಾಮಾಣಿಕವಾಗಿ ಉಳಿಯುವುದು ಮೂರು ಗಂಟೆ ಎಂದಿಟ್ಟುಕೊಳ್ಳಿ. ನಾಲ್ವರು ಇದ್ದರೆ ವಾರಕ್ಕೆ 12, ಪಾಠ ನಡೆಯುವ 30 ವಾರಕ್ಕೆ 360 ಗಂಟೆ. ಒಂದು ತೋಡಿನ (ಹಳ್ಳದ) ನೀರುಹುಳುಗಳನ್ನು ತಿಂಗಳಿಗೊಮ್ಮೆ ಎಣಿಸಲು ಇಬ್ಬರಿಗೆ ಏಳೇಳು ಗಂಟೆ, ಮರಳಿ ಬಂದು ಗುರುತಿಸಲು ಇನ್ನಾರು. ಅಲ್ಲಿಗೆ 20 ಆಯಿತು. ಒಂಬತ್ತು ತಿಂಗಳಿಗೆ 180. ಇಂಥ ಎರಡು ಕೆಲಸಕ್ಕೆ ವರ್ಷ ತುಂಬಿಹೋಯಿತು. ಈ ಲೆಕ್ಕವನ್ನು ಬೋರ್ಡಿನ ಮೇಲೆ ಎಲ್ಲರ ಮುಂದೆ ಬರೆಯಿರಿ. ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಉಳಿದ ಚೀಟಿಗಳಿಗೆ ಎರಡು ಪ್ರಶ್ನೆ ಕೇಳಿ. ಇದು ನಮ್ಮ ಜಾಗದಲ್ಲೇ ಆಗಬೇಕಾದ ಕೆಲಸವೇ? ವರ್ಗಾವಣೆಯಾಗಿ ಇಬ್ಬರು ಹೋದರೂ ಮುಂದೆ ನಡೆಯುತ್ತದೆಯೇ? ನನ್ನನ್ನು ಕೇಳಿದರೆ ಕೊಡಗಿನ ಯಾವ ವಿಭಾಗವಾದರೂ ಮೊದಲು ಎತ್ತಿಕೊಳ್ಳಬೇಕಾದದ್ದು ಕಾಫಿ ಹೂವಿನ ಜೇನುಗಳ ಎಣಿಕೆ. ರೊಬಸ್ಟಾ ಕಾಫಿಗೆ ಬೇರೆ ಗಿಡದ ಪರಾಗ ಬೇಕು, ಅರೇಬಿಕಾದ ಹಾಗೆ ತನ್ನಷ್ಟಕ್ಕೆ ಕಾಯಿ ಕಟ್ಟುವುದಿಲ್ಲ. ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಅದೇ ತೋಟ, ಅದೇ ಹತ್ತು ಗಿಡ, ಗಿಡಕ್ಕೆ ಒಂದು ಕೊಂಬೆ, ಬೆಳಿಗ್ಗೆ ಎಂಟರ ನಂತರ ಒಂದೊಂದು ಕೊಂಬೆಯ ಮುಂದೆ ಹತ್ತು ನಿಮಿಷ ನಿಂತು ಹೆಜ್ಜೇನು ಎಷ್ಟು, ತುಡುವೆ ಎಷ್ಟು, ಮುಜಂಟಿ ಎಷ್ಟು ಎಂದು ಗೆರೆ ಎಳೆಯುವುದು. ಯಂತ್ರ ಬೇಡ. ಹೊಸದಾಗಿ ಬಂದ ಉಪನ್ಯಾಸಕಿಯೂ ಒಂದೇ ದಿನದಲ್ಲಿ ಕಲಿಯುತ್ತಾರೆ. ತೊಂಬತ್ತರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಪೆಟ್ಟಿಗೆಗಳು ಖಾಲಿಯಾದದ್ದನ್ನು ಕಂಡ ಬೆಳೆಗಾರರು ಇಂದಿಗೂ ಇದ್ದಾರೆ. ತೋಟಕ್ಕೆ ಬರುತ್ತೇವೆ ಎಂದರೆ ಬೇಡ ಎನ್ನುವವರು ನನಗೆ ಸಿಕ್ಕಿಲ್ಲ.

ಎಣಿಸಿ ಬರೆದಿಡಿ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜರಿದು ತೋಡುಗಳಲ್ಲಿ ಕೆಸರು ತುಂಬಿತು. ಅಲ್ಲಿ ಮೊದಲು ಯಾವ ಮೀನು, ಯಾವ ಕಪ್ಪೆ ಇತ್ತು ಎಂದು ಯಾರೋ ಕೇಳಿದರು. ಅಷ್ಟು ವರ್ಷ ಪಾಠ ಮಾಡಿದ ನನ್ನ ವಿಭಾಗದಲ್ಲಿ ಹೇಳಲು ಒಂದು ಪುಟವೂ ಇರಲಿಲ್ಲ. ಆ ದಿನದ ಸಂಕಟ ಇನ್ನೂ ಹೋಗಿಲ್ಲ.

ನಾಲ್ಕನೆಯದು ತಿಂಗಳು ಹೊಂದಿಸುವುದು. ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕುಯ್ಲು. ಮನೆ ತೋಟವಿರುವ ಮಕ್ಕಳು ಆಗ ಕ್ಷೇತ್ರಕಾರ್ಯಕ್ಕೆ ಸಿಗುವುದಿಲ್ಲ, ಒತ್ತಾಯಿಸಬೇಡಿ. ಮಳೆಗಾಲವನ್ನು ಖಾಲಿ ಬಿಡಬೇಡಿ, ಕಪ್ಪೆ ಕೂಗುವುದು, ಅಣಬೆ ಏಳುವುದು ಆಗಲೇ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಒಳಗೆ ಮಾದರಿ ಸಂಗ್ರಹಿಸಬೇಕಿದ್ದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕಾಗದ ಹಿಂದಿನ ವರ್ಷವೇ ಹೊರಡಲಿ. ದೇವರಕಾಡಿಗಾದರೆ ಮೊದಲು ದೇವತಕ್ಕರನ್ನು (ದೇವಸ್ಥಾನದ ಮುಖ್ಯಸ್ಥರನ್ನು) ಕಂಡು ಮಾತಾಡಿ, ಕ್ಯಾಮೆರಾ ಮಾತ್ರ ಒಯ್ಯಿರಿ, ಎಲೆ ಕೀಳಬೇಡಿ.

ಐದನೆಯದು, ಒಂದು ಹಾಳೆಯ ಪಟ್ಟಿ: ಕೆಲಸ, ಹೊಣೆ, ತಿಂಗಳು, ರೂಪಾಯಿ. ಹೊಣೆಯ ಕಡೆ ವ್ಯಕ್ತಿಯ ಹೆಸರಿನ ಬದಲು ಹುದ್ದೆ ಬರೆಯಿರಿ. ವಿಷನ್, ಮಿಷನ್ ಎರಡು ಸಾಲು ಸಾಕು, ಅದನ್ನು ಕೊನೆಗೆ ಬರೆಯಿರಿ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ನಮೂನೆಗಳನ್ನು ಮುಟ್ಟಲೇ ಬೇಡಿ.

ರೂಪಾಯಿಯ ಕಾಲಂ ತುಂಬುವಾಗ ಒಂದು ಎಚ್ಚರ. ಅನುದಾನ ಬಂದಕೂಡಲೇ ಡಿಎನ್‌ಎ ನಕಲು ಮಾಡುವ ಪಿಸಿಆರ್ ಯಂತ್ರ ಕೊಳ್ಳುವ ಆಸೆ ಎಲ್ಲರಿಗೂ ಇದೆ. ಒಂದು ಕಾಲೇಜಿನಲ್ಲಿ ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ. ಅದಕ್ಕೆ ಬೇಕಾದ ಕಿಣ್ವವನ್ನು ಮೈನಸ್ 20 ಡಿಗ್ರಿಯಲ್ಲಿ ಇಡಬೇಕು, ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಅದು ಕೆಡಬಹುದು. ಮೊದಲು ಜನರೇಟರ್, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಕೊಳ್ಳಿ. ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಓವನ್ನಿನಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಪ್ರಾಂಶುಪಾಲರ, ಐಕ್ಯುಎಸಿಯ (ಕಾಲೇಜಿನ ಆಂತರಿಕ ಗುಣಮಟ್ಟ ಕೋಶದ) ಸಹಿ ಮಾಡಿಸುವುದು ಒಂದು ದಿನದ ಕೆಲಸ. ವರ್ಷಕ್ಕೊಮ್ಮೆ, ಕಾಫಿ ಹೂವು ಮುಗಿದ ವಾರ, ಹಾಳೆಯನ್ನು ಮತ್ತೆ ತೆಗೆದು ಓದಿ. ಎಣಿಕೆಯ ಪುಸ್ತಕ ಗಟ್ಟಿ ರಟ್ಟಿನದಾಗಿರಲಿ, ಬರೆಯುವುದು ಪೆನ್ಸಿಲಿನಲ್ಲೇ ಆಗಲಿ. ಶಾಯಿ ಮಳೆಗೆ ಕರಗುತ್ತದೆ. ಪುಸ್ತಕ ಯಾರ ಮನೆಗೂ ಹೋಗಬಾರದು, ವಿಭಾಗದ ಬೀರುವಿನಲ್ಲೇ ಇರಬೇಕು.